ಆಶುಮೃತಕ ಪರೀಕ್ಷೆ

ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ತಂದೊಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ, ಹೆಸರಷ್ಟೇ ಉಳಿದು ಗ್ರಂಥ ನಷ್ಟವಾಗಿದೆಯೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದರಲ್ಲಿತ್ತು. ಅವರು ಮೂಲವನ್ನು 1909ರಲ್ಲಿಯೂ ಇಂಗ್ಲಿಷ್ ಅನುವಾದವನ್ನು 1915ರಲ್ಲಿಯೂ ಪ್ರಕಟಿಸಿದ ಕಥೆ ಮೈಸೂರಿಗರಿಗೆ ಬಾಯಿಪಾಠ. ಆದರೆ ಅದರ ನಾಲ್ಕನೆಯ ಅಧಿಕರಣದ ಏಳನೆಯ ಅಧ್ಯಾಯವನ್ನು ಓದಿದವರು ವಿರಳ. ಕೋಶ, ದಂಡ, ಗೂಢಚಾರರ ಪ್ರಕರಣಗಳೇ ನಮ್ಮನ್ನು ಹಿಡಿದು ನಿಲ್ಲಿಸಿಬಿಡುತ್ತವೆ. ಆ ಅಧ್ಯಾಯದ ಹೆಸರು ಆಶುಮೃತಕ ಪರೀಕ್ಷೆ. ಎಂದರೆ, ಹಠಾತ್ತನೆ ಸತ್ತವನ ದೇಹದ ಪರೀಕ್ಷೆ.

ಶವಕ್ಕೆ ಎಣ್ಣೆ ಸವರಿ ನೋಡಬೇಕೆಂಬ ವಿಧಿಯಿಂದ ಅದು ಆರಂಭವಾಗುತ್ತದೆ. ಕೊರಳಲ್ಲಿ ಗುರುತಿದ್ದು ಕಣ್ಣು ತೆರೆದು ಕೈಕಾಲು ಊದಿದ್ದರೆ ಉಸಿರುಗಟ್ಟಿಸಿ ಕೊಂದದ್ದು. ನಾಲಗೆ ಕಚ್ಚಿಕೊಂಡು ಹೊಟ್ಟೆ ಉಬ್ಬಿದ್ದರೆ ನೀರಿನಲ್ಲಿ ಮುಳುಗಿದ್ದು. ಹಲ್ಲು ಉಗುರು ಕಪ್ಪಿಟ್ಟು ಬಾಯಲ್ಲಿ ನೊರೆಯಿದ್ದರೆ ವಿಷ. ಇವುಗಳಲ್ಲಿ ಎಷ್ಟೋ ಲಕ್ಷಣಗಳನ್ನು ಇಂದಿನ ವೈದ್ಯರು ಒಪ್ಪಲಾರರು. ಕೊಳೆಯತೊಡಗಿದ ಯಾವ ದೇಹವಾದರೂ ಉಬ್ಬುತ್ತದೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಎದೆ ತಟ್ಟಿಕೊಳ್ಳುವವರ ಸಾಲಿನಲ್ಲಿ ನಾನು ನಿಲ್ಲುವವನಲ್ಲ. ಆದರೂ ಅಲ್ಲಿನ ಒಂದು ಮಾತು ನನ್ನನ್ನು ಬೆಚ್ಚಿಬೀಳಿಸಿತು: ಬೇರೆ ಬಗೆಯಲ್ಲಿ ಕೊಂದವನು ಶಿಕ್ಷೆಗೆ ಹೆದರಿ ಹೆಣವನ್ನು ನೇಣಿಗೆ ಹಾಕಿರಬಹುದು, ಎಚ್ಚರ!

ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ನಮ್ಮೂರಿಗೆ ಬಂದಿತು. ತಾಳೆಗರಿಯ ಎಚ್ಚರಿಕೆ ಸಿಕ್ಕಿದ ಊರಿನಲ್ಲಿಯೇ ಅದೇ ಸಂಶಯ ಈಗ ಪಾಠವಾಯಿತು. ಆಗ ಅದಕ್ಕೆ ಮೆಡಿಕಲ್ ಜೂರಿಸ್‌ಪ್ರುಡೆನ್ಸ್ ಎಂಬ ಹೆಸರು; ಈಗ ಫೊರೆನ್ಸಿಕ್ ಮೆಡಿಸಿನ್. ಜೈಸಿಂಗ್ ಮೋದಿಯವರ ಪಠ್ಯಪುಸ್ತಕ 1920ರಲ್ಲಿಯೇ ಹೊರಬಂದಿತ್ತು. ತಲೆಮಾರುಗಳು ಅದನ್ನು 'ಮೋದಿ' ಎಂದೇ ಕರೆದು ಓದಿದವು. ನೇಣು ಹಾಕಿಕೊಂಡವನ ಕೊರಳಿನ ಗುರುತು ಸಾಮಾನ್ಯವಾಗಿ ಗಂಟಲಿನ ಮೇಲ್ಭಾಗದಲ್ಲಿದ್ದು, ಓರೆಯಾಗಿ ಕಿವಿಯತ್ತ ಏರಿ, ಗಂಟಿನ ಬಳಿ ಕಡಿದುಹೋಗುತ್ತದೆ. ಹಗ್ಗದಿಂದ ಬಿಗಿದು ಕೊಂದಲ್ಲಿ ಅದು ಕೆಳಗೆ, ಅಡ್ಡಲಾಗಿ, ಕೊರಳನ್ನು ಸುತ್ತುವರಿದಿರುತ್ತದೆ. ಬೆರಳಿನಷ್ಟು ಅಗಲದ ಗೆರೆಯ ಓರೆ-ನೇರದಲ್ಲಿ ಆತ್ಮಹತ್ಯೆಯೋ ಕೊಲೆಯೋ ಎಂಬುದು ಅಡಗಿರುತ್ತದೆ.

ನನ್ನ ತಂಗಿಯ ಮಗಳು ವಿದ್ಯಾರ್ಥಿನಿಯಾಗಿದ್ದಾಗ ತನ್ನ ಮೊದಲ ಶವಪರೀಕ್ಷೆಯ ಬರಹದಲ್ಲಿ 'ನೇಣಿನ ಗುರುತು' ಎಂದು ಬರೆದಿದ್ದಳಂತೆ. ಅಧ್ಯಾಪಕರು ಹೊಡೆದುಹಾಕಿದರು. ನೇಣು ಎಂಬುದು ಅಭಿಪ್ರಾಯ. ಅದಕ್ಕೆ ಕೊನೆಯಲ್ಲಿ ಸ್ಥಳವುಂಟು. ಮೊದಲು ಗುರುತಿನ ಅಗಲ, ದಿಕ್ಕು, ಬಣ್ಣ, ಕಿವಿಯಿಂದ ಎಷ್ಟು ಸೆಂಟಿಮೀಟರು ಕೆಳಗೆ, ಇಷ್ಟನ್ನೇ ಬರೆ ಎಂದರಂತೆ. ಇಡೀ ವೃತ್ತಿಜೀವನವನ್ನು ವಿಶೇಷಣಗಳಿಗೆ ಅಂಕ ಕೊಡುತ್ತ ಕಳೆದ ನನಗೆ ಆ ಗುರುಗಳ ಮೇಲೆ ಅಸೂಯೆ ಹುಟ್ಟಿತು.

ಈ ನಿಷ್ಠುರತೆ ಯಾರಿಗಾಗಿ? 1983ರ ಕಾನೂನು ತಿದ್ದುಪಡಿಯನ್ನು ನೆನೆಯಬೇಕು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಸಂಶಯಾಸ್ಪದವಾಗಿ ಸತ್ತರೆ ಶವವನ್ನು ವೈದ್ಯರ ಪರೀಕ್ಷೆಗೆ ಕಳುಹಿಸಬೇಕೆಂದು ಅದು ವಿಧಿಸಿತು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆ ಬಂದರೂ ಆ ವಿಧಿ ಉಳಿದಿದೆ. ಅತ್ತೆಮನೆಯವರು ನೇಣೆನ್ನುತ್ತಾರೆ, ತವರಿನವರು ಕೊಲೆಯೆನ್ನುತ್ತಾರೆ. ನಡುವೆ ಮಾತನಾಡಬಲ್ಲದ್ದು ಆ ಗೆರೆಯೊಂದೇ.

ಆದರೆ ಅದು ಮಾತನಾಡುವುದು ಯಾವ ಭಾಷೆಯಲ್ಲಿ? ಪೊಲೀಸರ ಶವ ಪಂಚನಾಮೆ ಕನ್ನಡದಲ್ಲಿ, ವೈದ್ಯರ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಈಗ ವೈದ್ಯೆಯಾಗಿರುವ ನನ್ನ ಸೊಸೆ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಸಾಕ್ಷ್ಯ ಹೇಳಬೇಕಾಗಿದ್ದ ಹಿಂದಿನ ರಾತ್ರಿ ಫೋನು ಮಾಡಿ, 'ಲಿಗೇಚರ್ ಮಾರ್ಕ್' ಎಂಬುದಕ್ಕೆ ಕನ್ನಡವೇನೆಂದು ಕೇಳಿದಳು. ನಾನು ಉತ್ಸಾಹದಿಂದ 'ಬಂಧಚಿಹ್ನೆ' ಎಂದೆ.

"ಮಾವ, ಆ ಹುಡುಗಿಯ ತಾಯಿ ಅಲ್ಲೇ ಬೆಂಚಿನ ಮೇಲೆ ಕೂತಿರ್ತಾರೆ. ಹಗ್ಗದ ಗುರುತು ಅಂದರೆ ಸಾಲದೆ?" ಎಂದಳು.

ಸಾಕು ಎಂದೆ.