ಕೀಲು ಊದಿ ಜ್ವರ ಬಂದರೆ: ಸೋಂಕಿನ ಸಂಧಿವಾತ ಗುರುತಿಸುವುದು ಹೇಗೆ?

ಗಂಟು ನೋವು ಅಂದ ಕೂಡಲೇ ಕೆಲಸದ ಆಯಾಸ, ವಯಸ್ಸು, ಇಲ್ಲವೇ ಯೂರಿಕ್ ಆಸಿಡ್ ಎಂದುಕೊಂಡು ಮಾತ್ರೆ ನುಂಗಿ ಡ್ಯೂಟಿಗೆ ಹೋಗುವವರೇ ಜಾಸ್ತಿ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಒಂದೇ ಕೀಲು ಒಂದೆರಡು ದಿನದಲ್ಲಿ ಊದಿ, ಮುಟ್ಟಿದರೆ ಬಿಸಿಯಾಗಿ, ಕಾಲೂರಲೂ ಆಗದಿದ್ದರೆ ಸೋಂಕಿನ ಸಂಶಯ ಪಡಬೇಕು. ಜ್ವರ ಇದ್ದರೆ ಸಂಶಯ ಇನ್ನೂ ಗಟ್ಟಿ. ಜ್ವರ ಇಲ್ಲ ಎಂದ ಮಾತ್ರಕ್ಕೆ ಸೋಂಕು ಇಲ್ಲ ಎನ್ನುವಂತಿಲ್ಲ.

ಇದಕ್ಕೆ ಸೆಪ್ಟಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ರಕ್ತದ ಮೂಲಕವೋ ಗಾಯದ ಮೂಲಕವೋ ಬ್ಯಾಕ್ಟೀರಿಯಾ ಕೀಲಿನೊಳಗೆ ಸೇರುತ್ತದೆ. ಹೆಚ್ಚಾಗಿ ಕಾಣುವುದು ಸ್ಟ್ಯಾಫಿಲೋಕಾಕಸ್ ಆರಿಯಸ್, ಹೆಚ್ಚಾಗಿ ಕೆಡುವುದು ಮೊಣಕಾಲು. ಶುಗರ್ ಇರುವವರಿಗೆ ಅಪಾಯ ಜಾಸ್ತಿ. ಕೆಲವೇ ದಿನಗಳಲ್ಲಿ ಕೀಲಿನ ಮೃದ್ವಸ್ಥಿ ಹಾಳಾಗಿ ಶಾಶ್ವತವಾಗಿ ಕುಂಟುವಂತಾಗಬಹುದು. ಹಾಗಾಗಿ ವಾರದ ರಜೆಗೆ ಕಾಯದೆ ಅದೇ ದಿನ ಎಮರ್ಜೆನ್ಸಿಗೆ ಹೋಗಬೇಕು.

ಗಲ್ಫ್‌ನಲ್ಲಿ ಮರೆಯಬಾರದ ಇನ್ನೊಂದು ಕಾರಣ ಬ್ರುಸೆಲ್ಲೋಸಿಸ್. ಕಾಯಿಸದ ಒಂಟೆ, ಆಡು, ದನದ ಹಾಲಿನಿಂದ, ಹಸಿ ಹಾಲಿನ ಚೀಸ್‌ನಿಂದ, ಪ್ರಾಣಿಗಳ ಹೆರಿಗೆ ಮಾಡಿಸುವಾಗ ಇದು ತಗಲುತ್ತದೆ. ಹಾಲು ಕುಡಿದು ವಾರಗಳ ನಂತರ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಬೆನ್ನು ನೋವು ಶುರುವಾಗುತ್ತದೆ. ಅಷ್ಟರಲ್ಲಿ ಹಾಲಿನ ನೆನಪೇ ಇರುವುದಿಲ್ಲ! ತೋಟದಲ್ಲಿ ಯಾರಾದರೂ ಪ್ರೀತಿಯಿಂದ ಕೊಟ್ಟರೆ ಬೇಡ ಎನ್ನುವುದು ಕಷ್ಟ. ರೂಮಿಗೆ ತಂದು ಕುದಿಸಿ ಕುಡಿಯಬಹುದು.

ಊರಿಂದ ಮರಳಿದ ಮೇಲೆ ಜ್ವರ ಬಂದು ಕೈಬೆರಳು, ಮಣಿಕಟ್ಟು, ಪಾದದ ಕೀಲುಗಳೆಲ್ಲ ನೋಯುತ್ತಿದ್ದರೆ ಚಿಕೂನ್‌ಗುನ್ಯಾ ಇರಬಹುದು. ಈ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಭೇದಿ ಅಥವಾ ಮೂತ್ರದ, ಲೈಂಗಿಕ ಸೋಂಕಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೀಲು ಊದುವುದು ರಿಯಾಕ್ಟಿವ್ ಆರ್ಥ್ರೈಟಿಸ್. ಕಣ್ಣು ಕೆಂಪಾಗುವುದು, ಉರಿಮೂತ್ರ ಜೊತೆಗಿರಬಹುದು. ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರಿಗೆ ಕಾರಣವೇ ಸಿಗದು.

ಪತ್ತೆಗೆ ಮುಖ್ಯ ಪರೀಕ್ಷೆ, ಊದಿದ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ನೋಡುವುದು. ಬಿಳಿ ರಕ್ತಕಣಗಳ ಎಣಿಕೆ, ಕಲ್ಚರ್, ಯೂರಿಕ್ ಆಸಿಡ್ ಹರಳು ಎಲ್ಲವೂ ಅದರಲ್ಲೇ ತಿಳಿಯುತ್ತದೆ. ಬರೀ ರಕ್ತದ ಯೂರಿಕ್ ಆಸಿಡ್ ರಿಪೋರ್ಟ್ ನಂಬಿ ಕೂರುವಂತಿಲ್ಲ. ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಇರಬಹುದು. ರೂಮ್‌ಮೇಟ್ ಬಳಿ ಉಳಿದ ಆಂಟಿಬಯೋಟಿಕ್ ತಿಂದು ಹೋದರೆ ಕಲ್ಚರ್‌ನಲ್ಲಿ ರೋಗಾಣು ಸಿಗದೇ ಹೋಗಬಹುದು. ಬ್ರುಸೆಲ್ಲಾಗೆ ರಕ್ತ ಪರೀಕ್ಷೆ ಬೇರೆಯೇ ಇದೆ. ಹಸಿ ಹಾಲಿನ ವಿಷಯ ಹೇಳಿದರಷ್ಟೇ ಡಾಕ್ಟರಿಗೆ ಅದು ಹೊಳೆಯುತ್ತದೆ.

ಬ್ರುಸೆಲ್ಲೋಸಿಸ್‌ಗೆ ಸಾಮಾನ್ಯವಾಗಿ ಎರಡು ಔಷಧ ಸೇರಿಸಿ ಕನಿಷ್ಠ 6 ವಾರ ಕೊಡುತ್ತಾರೆ, ಬೆನ್ನುಮೂಳೆಗೆ ತಗಲಿದ್ದರೆ ಇನ್ನೂ ಹೆಚ್ಚು. ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮರುಕಳಿಸುತ್ತದೆ. ನಡುವೆ ಊರಿಗೆ ಹೊರಟರೆ ರಿಪೋರ್ಟ್, ಔಷಧದ ಚೀಟಿ, ಉಳಿದ ಮಾತ್ರೆ ಹ್ಯಾಂಡ್ ಬ್ಯಾಗಿನಲ್ಲೇ ಇರಲಿ.