ನೀತಿಯೂ ನ್ಯಾಯವೂ: ಚಿಕ್ಕೋಡಿ-ರಾಯಬಾಗ ಸೀಮೆಯ ಒಂದು ನಿದರ್ಶನ

ರಾಜ್ಯವೆಂಬುದು ಪ್ರಜೆಗಳಿಗೆ ಎರಡು ರೂಪಗಳಿಂದ ಗೋಚರಿಸುವುದು. ಒಂದು, ಬರೆದು ಹೊರಡಿಸಿದ ಆಜ್ಞೆ. ಇನ್ನೊಂದು, ಆ ಆಜ್ಞೆಯು ಹಳ್ಳಿಯ ಚಾವಡಿಯನ್ನು ಮುಟ್ಟಿದ ಬಳಿಕ ಅಲ್ಲಿ ನಡೆಯುವ ನಡಾವಳಿ. ಮೊದಲನೆಯದಕ್ಕೆ ನೀತಿಯೆಂದೂ ಎರಡನೆಯದಕ್ಕೆ ನ್ಯಾಯವೆಂದೂ ಹೆಸರಿಟ್ಟರೆ ಶಬ್ದಾರ್ಥಕ್ಕೆ ಹಾನಿಯಾಗಲಾರದು. ‘ನೀ’ ಧಾತುವಿನಿಂದ ಹುಟ್ಟಿದ ನೀತಿಯು ದಾರಿಗೊಯ್ಯುವಂಥದು. ನ್ಯಾಯ ಶಬ್ದವನ್ನಾದರೋ ಪಾಣಿನಿಯು ಗತ್ಯರ್ಥಕವಾದ ‘ಇಣ್’ ಧಾತುವಿನಿಂದ, ‘ಅಭ್ರೇಷ’ವೆಂಬ ಅರ್ಥದಲ್ಲಿ ಸಾಧಿಸಿರುವನು. ಅಭ್ರೇಷವೆಂದರೆ ಉಚಿತವಾದುದರಿಂದ ಜಾರದಿರುವಿಕೆ. ದಾರಿಯನ್ನು ತೋರಿಸುವುದೊಂದು, ಆ ದಾರಿಯಲ್ಲಿ ಜಾರದೆ ಸಾಗುವುದು ಮತ್ತೊಂದು.

ಈ ಭೇದವು ಕೇವಲ ವೈಯಾಕರಣರ ವಿನೋದವಲ್ಲ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮತ್ಸ್ಯನ್ಯಾಯವನ್ನು ತಡೆಯುವುದಕ್ಕಾಗಿಯೇ ರಾಜದಂಡವು ಹುಟ್ಟಿತೆಂದು ನಮ್ಮ ಪ್ರಾಚೀನ ಅರ್ಥಶಾಸ್ತ್ರಕಾರರು ತಿಳಿದಿದ್ದರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಎರಡು ಸ್ಮೃತಿಗಳು ತಮ್ಮೊಳಗೆ ವಿರೋಧಿಸಿದಾಗ ಲೋಕವ್ಯವಹಾರಕ್ಕೆ ಹೊಂದುವ ನ್ಯಾಯವೇ ಮೇಲೆಂಬ ವಿಧಿಯುಂಟು. ಅಮೆರಿಕದ ಜಾನ್ ರಾಲ್ಸ್ ೧೯೭೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನ್ಯಾಯಬದ್ಧವಾದ ಸಂಸ್ಥೆಗಳ ತತ್ತ್ವಗಳನ್ನು ನಿರೂಪಿಸಿದನು. ಅಮರ್ತ್ಯ ಸೇನರು ೨೦೦೯ರ ತಮ್ಮ ಗ್ರಂಥದಲ್ಲಿ ನಮ್ಮ ನೀತಿ ಮತ್ತು ನ್ಯಾಯವೆಂಬ ಈ ಎರಡು ಶಬ್ದಗಳನ್ನೇ ಎತ್ತಿಕೊಂಡು, ಸಂಸ್ಥೆಗಳು ಎಷ್ಟೇ ಸುಘಟಿತವಾಗಿದ್ದರೂ ಜನರ ಬಾಳಿಗೆ ಏನು ದೊರೆಯಿತೆಂಬುದನ್ನು ನೋಡದೆ ವಿಚಾರವು ಪೂರ್ಣವಾಗದೆಂದು ವಾದಿಸಿದರು.

ಈ ತತ್ತ್ವವನ್ನು ಒರೆಗೆ ಹಚ್ಚಿ ನೋಡಲು ಬೆಳಗಾವಿ ಜಿಲ್ಲೆಯ ವಾಯವ್ಯ ಭಾಗವು ತಕ್ಕ ಸ್ಥಳವಾಗಿರುವುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಿಕ್ಕೋಡಿ ತಾಲೂಕೂ ಅದರೊಳಗಿದ್ದ ನಿಪ್ಪಾಣಿಯೂ, ಅಥಣಿ ತಾಲೂಕೂ ಅದರೊಳಗಿದ್ದ ಕಾಗವಾಡವೂ ಇಂಗ್ಲಿಷರ ಮುಂಬಯಿ ಇಲಾಖೆಗೆ ಸೇರಿದ್ದವು. ಇವುಗಳ ಮಗ್ಗುಲಲ್ಲಿಯೇ ಇದ್ದ ರಾಯಬಾಗ ಮಹಾಲು ಕೊಲ್ಲಾಪುರದ ಛತ್ರಪತಿಗಳ ಸಂಸ್ಥಾನದ್ದು. ಒಂದೇ ಕರಿಯ ನೆಲ, ಒಂದೇ ಕೃಷ್ಣೆಯ ನೀರು, ಒಂದೇ ಬಗೆಯ ಒಕ್ಕಲುತನ; ಬೀಗತನಗಳೂ ಗಡಿಯನ್ನು ದಾಟಿ ನಡೆಯುತ್ತಿದ್ದವು. ಆದರೆ ಒಂದು ಊರಿನ ಸೀಮೆಗಲ್ಲನ್ನು ದಾಟಿದೊಡನೆ ದೊರೆಯೂ ಬೇರೆ, ಕಾಯಿದೆಯೂ ಬೇರೆ ಆಗುತ್ತಿತ್ತು. ಹೀಗೆ ಒಂದೇ ಸಮಾಜವು ಎರಡು ನೀತಿಗಳ ಕೆಳಗೆ ಬಾಳಿತು.

ಆ ಸಮಾಜದ ಅಡಿಯಲ್ಲಿದ್ದ ಕಟ್ಟುಪಾಡುಗಳಲ್ಲಿ ಮಹಾರ ವತನವು ಮುಖ್ಯವಾದದ್ದು. ಮರಾಠಿಯಲ್ಲಿ ಮಹಾರರೆಂದೂ ಕನ್ನಡ ಹಳ್ಳಿಗಳಲ್ಲಿ ಹೊಲೆಯರೆಂದೂ ಕರೆಯಲ್ಪಟ್ಟವರು ಸರಕಾರದ ಟಪ್ಪಾಲು ಹೊರುವುದು, ಕಂದಾಯದ ಹಣವನ್ನು ಖಜಾನೆಗೆ ಮುಟ್ಟಿಸುವುದು, ರೈತರನ್ನು ಚಾವಡಿಗೆ ಕರೆತರುವುದು, ಬಂದ ಅಧಿಕಾರಿಗೆ ದಾರಿ ತೋರಿಸುವುದು ಮೊದಲಾದ ಕೆಲಸಗಳನ್ನು ವಂಶಪಾರಂಪರ್ಯವಾಗಿ ಮಾಡಬೇಕಾಗಿತ್ತು. ಇದಕ್ಕೆ ಪ್ರತಿಫಲವೆಂದು ಒಂದಿಷ್ಟು ವತನದ ಹೊಲವೂ, ಸುಗ್ಗಿಯಲ್ಲಿ ರೈತರು ಕೊಡುವ ಆಯವೂ ಇದ್ದವು. ಮುಂಬಯಿ ಇಲಾಖೆಯಲ್ಲಿ ೧೮೭೪ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯು ಈ ಪದ್ಧತಿಗೆ ಶಾಸನದ ಮುದ್ರೆಯೊತ್ತಿತು. ಕರೆ ಬಂದಾಗ ವತನದಾರನು ಮನೆಯಲ್ಲಿರದಿದ್ದರೆ ಅವನ ಮನೆಯವರಲ್ಲಿ ಯಾರಾದರೂ ಹೋಗಬೇಕು. ಹೊತ್ತಿಗೆ ಮಿತಿಯಿಲ್ಲ, ಸಂಬಳಕ್ಕೆ ಗೊತ್ತಿಲ್ಲ. ಭೂಮಿಯೇ ಬಂಧನದ ಹಗ್ಗವಾಗಿದ್ದ ವಿಚಿತ್ರವಿದು.

೧೮೯೪ರಲ್ಲಿ ಶಾಹೂ ಮಹಾರಾಜರು ಕೊಲ್ಲಾಪುರದ ಅಧಿಕಾರವನ್ನು ಕೈಗೆ ತೆಗೆದುಕೊಂಡರು. ಆಗ ಸಂಸ್ಥಾನದ ಸಾಮಾನ್ಯ ಆಡಳಿತದ ೭೧ ಹುದ್ದೆಗಳಲ್ಲಿ ೬೦ ಬ್ರಾಹ್ಮಣರವಾಗಿದ್ದವು. ಇದನ್ನು ಒಬ್ಬರ ದೋಷವೆನ್ನುವುದಕ್ಕಿಂತ, ವಿದ್ಯೆಯು ಒಂದೇ ಕೇರಿಯಲ್ಲಿ ನಿಂತುಹೋದುದರ ಫಲವೆನ್ನಬೇಕು. ೧೯೦೨ನೆಯ ಜುಲೈ ೨೬ರಂದು ಮಹಾರಾಜರ ಪ್ರಸಿದ್ಧವಾದ ಆಜ್ಞೆಯು ಹೊರಟಿತು. ಅಂದಿನಿಂದ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ ಐವತ್ತು ಹಿಂದುಳಿದ ವರ್ಗಗಳವರಿಗೆ ಮೀಸಲೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅದರ ಕೊನೆಯ ಭಾಗವು ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಪ್ರತಿಯೊಂದು ಕಚೇರಿಯ ಮುಖ್ಯಸ್ಥನೂ ಮೂರು ಮೂರು ತಿಂಗಳಿಗೊಮ್ಮೆ ತನ್ನಲ್ಲಿ ಮುಂದುವರಿದವರೆಷ್ಟು, ಹಿಂದುಳಿದವರೆಷ್ಟು, ಹೊಸದಾಗಿ ತೆರವಾದ ಸ್ಥಾನಗಳೆಷ್ಟು ಎಂಬ ತಖ್ತೆಯನ್ನು ಒಪ್ಪಿಸಬೇಕೆಂದು ಅಲ್ಲಿ ವಿಧಿಸಲಾಗಿತ್ತು. ದಾರಿಯನ್ನು ತೋರಿಸಿದ ದೊರೆಯು, ಜನರು ಆ ದಾರಿಯಲ್ಲಿ ನಡೆದರೋ ಜಾರಿದರೋ ಎಂಬುದನ್ನೂ ಕೇಳಿದನು. ನೀತಿಯನ್ನು ನ್ಯಾಯಕ್ಕೆ ಜೋಡಿಸುವ ಕೊಂಡಿಯೆಂದರೆ ಆ ಸಾಧಾರಣವಾದ ತಖ್ತೆಯೇ.

ಕೊಂಡಿಗಳು ಇನ್ನೂ ಇದ್ದವು. ಓದಿದವರಿಲ್ಲದಿದ್ದರೆ ಮೀಸಲಿಟ್ಟ ಹುದ್ದೆಯು ಬರಿದಾಗಿಯೇ ಉಳಿಯುವುದು. ಆದುದರಿಂದ ಕೊಲ್ಲಾಪುರದಲ್ಲಿ ೧೯೦೧ರಿಂದ ಮರಾಠರಿಗೆ, ಜೈನರಿಗೆ, ಬಳಿಕ ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿದವರಿಗೆ ಹೀಗೆ ಒಂದೊಂದಾಗಿ ವಿದ್ಯಾರ್ಥಿನಿಲಯಗಳು ಎದ್ದವು. ೧೯೧೭ರಲ್ಲಿ ಪ್ರಾಥಮಿಕ ಶಿಕ್ಷಣವು ಕಡ್ಡಾಯವೂ ನಿಃಶುಲ್ಕವೂ ಆಯಿತು. ೧೯೧೮ರಲ್ಲಿ ಮಹಾರ ವತನವನ್ನು ತೆಗೆದು ಹೊಲಗಳನ್ನು ರೈತಾವೆಗೆ ತರುವ ಆಜ್ಞೆಯೂ, ೧೯೧೯ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ ಅವರ ಮಕ್ಕಳನ್ನು ಎಲ್ಲರೊಡನೆ ಕೂಡಿಸುವ ಆಜ್ಞೆಯೂ ಹೊರಟವು. ಅವುಗಳಿಗೂ ಒಂದು ಎಡರು ಉಂಟು. ಸಂಸ್ಥಾನದ ಆಡಳಿತದ ಭಾಷೆ ಮರಾಠಿ; ರಾಯಬಾಗದ ಹಳ್ಳಿಗರ ಮಾತು ಕನ್ನಡ. ತನ್ನ ಬಿಡುಗಡೆಯ ಕಾಗದವನ್ನು ಇನ್ನೊಬ್ಬರಿಂದ ಓದಿಸಿ ತಿಳಿದುಕೊಳ್ಳಬೇಕಾದವನಿಗೆ ನ್ಯಾಯವು ಓದುವವನ ದಯೆಯ ಮೂಲಕವೇ ಬರುವುದು.

ಗಡಿಯ ಈಚೆಗೆ, ಮುಂಬಯಿ ಇಲಾಖೆಯಲ್ಲಿ ನಡೆದುದೇನು? ೧೯೨೩ರಲ್ಲಿ ಸೀ. ಕೆ. ಬೋಲೆಯವರು ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಗೊತ್ತುವಳಿಯನ್ನು ಶಾಸನಸಭೆಯಲ್ಲಿ ಗೆಲ್ಲಿಸಿದರು. ಮಾತು ಉದಾತ್ತವಾದದ್ದು, ಆದರೆ ಬಾವಿಗಳು ತೆರೆಯಲಿಲ್ಲ. ಅದನ್ನು ಪಾಲಿಸದ ಪುರಸಭೆಗಳಿಗೂ ಸ್ಥಾನಿಕ ಮಂಡಲಿಗಳಿಗೂ ಸರಕಾರದ ಧನಸಹಾಯವನ್ನು ನಿಲ್ಲಿಸಬೇಕೆಂದು ೧೯೨೬ರಲ್ಲಿ ಅವರೇ ಇನ್ನೊಂದು ಗೊತ್ತುವಳಿಯನ್ನು ತರಬೇಕಾಯಿತು. ಮೊದಲನೆಯದರಲ್ಲಿ ತಖ್ತೆಯನ್ನು ಕೇಳುವವರಿರಲಿಲ್ಲವೆಂಬುದನ್ನು ಎರಡನೆಯದು ತಾನಾಗಿಯೇ ಸಾರುವುದು.

ಈ ನಡುವೆ ನೊಂದವರೇ ಮಾತನಾಡತೊಡಗಿದರು. ೧೯೨೦ನೆಯ ಮಾರ್ಚ್ ತಿಂಗಳಲ್ಲಿ ನಿಪ್ಪಾಣಿಯ ಉತ್ತರಕ್ಕಿರುವ ಮಾಣಗಾವಿಯಲ್ಲಿ ಡಾ. ಅಂಬೇಡಕರರ ಅಧ್ಯಕ್ಷತೆಯಲ್ಲಿ ಪರಿಷತ್ತು ನೆರೆಯಿತು. ಶಾಹೂ ಮಹಾರಾಜರು ಸ್ವತಃ ಬಂದು, ಇವರೇ ನಿಮ್ಮ ನಾಯಕರೆಂದು ಜನರಿಗೆ ಹೇಳಿದರು. ೧೯೨೫ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿಯೇ ಮುಂಬಯಿ ಪ್ರಾಂತಿಕ ಬಹಿಷ್ಕೃತ ಪರಿಷತ್ತು ಅಂಬೇಡಕರರ ಅಧ್ಯಕ್ಷತೆಯಲ್ಲಿ ಜರುಗಿತು. ೧೯೨೮ರಲ್ಲಿ ಅವರು ೧೮೭೪ರ ಕಾಯಿದೆಯ ತಿದ್ದುಪಡಿಗಾಗಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದರು. ಪೂರ್ಣ ಕಂದಾಯವನ್ನು ತೆರಲೊಪ್ಪುವ ವತನದಾರನಿಗೆ ಚಾಕರಿಯಿಂದ ಬಿಡುಗಡೆಯಾಗಿ ಹೊಲವು ಉಳಿಯಬೇಕೆಂಬುದು ಅದರ ಮುಖ್ಯಾಂಶ. ಸಮಿತಿಯಲ್ಲಿ ಅದರ ಸತ್ತ್ವವು ಕುಂದಿದುದನ್ನು ಕಂಡು ೧೯೨೯ರಲ್ಲಿ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ರಾಯಬಾಗದಲ್ಲಿ ಹತ್ತು ವರ್ಷಗಳ ಹಿಂದೆಯೇ ಆಜ್ಞೆಯಾಗಿದ್ದ ಮಾತಿಗೆ ಚಿಕ್ಕೋಡಿಯಲ್ಲಿ ಇನ್ನೂ ಕಾಯಿದೆಯ ಬಲವು ದೊರೆತಿರಲಿಲ್ಲ.

೧೯೪೯ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸುವ ಕಾಯಿದೆಯು ೧೯೬೧ರಲ್ಲಿ ಹುಟ್ಟಿ ೧೯೬೩ರ ಫೆಬ್ರುವರಿ ೧ರಿಂದ ಜಾರಿಗೆ ಬಂದಿತು. ಕೊಲ್ಲಾಪುರದ ಆಜ್ಞೆಗೂ ಇದಕ್ಕೂ ನಡುವೆ ನಾಲ್ವತ್ತೈದು ವರ್ಷಗಳು. ಗಡಿಗಲ್ಲಿನ ಈಚೆ ಹುಟ್ಟಿದವನಿಗೆ ಅದು ಒಂದು ಬಾಳಿನ ಅರ್ಧಕ್ಕೂ ಹೆಚ್ಚು ಕಾಲ.

ಹಾಗೆಂದು ಅರಸನ ಆಜ್ಞೆಯೇ ಮೇಲು, ಶಾಸನಸಭೆಯ ಚರ್ಚೆ ಕೀಳು ಎಂದು ಸಿದ್ಧಾಂತಿಸುವುದು ತಪ್ಪಾದೀತು. ಒಬ್ಬ ದೊರೆಯ ಕರುಣೆಯಿಂದ ಬಂದುದನ್ನು ಇನ್ನೊಬ್ಬ ದೊರೆಯು ಕಸಿದುಕೊಳ್ಳಬಲ್ಲನು. ಪ್ರಜೆಗಳ ಶಾಸನವು ತಡವಾಗಿ ಬಂದರೂ ಹಕ್ಕಾಗಿ ಬರುವುದು. ಆದರೆ ಹಕ್ಕು ಕೂಡ ಜಾರುವುದುಂಟು. ಮಾರಬಹುದಾದ ಹೊಲವು ಸಾಲದ ಮನೆಗೆ ಬೇಗನೆ ಹೋಗುವುದರಿಂದ, ವತನದಿಂದ ಬಿಡಿಸಿ ಮರಳಿ ಕೊಟ್ಟ ಭೂಮಿಗಳನ್ನು ಹದಿನೈದು ವರ್ಷ ಪರಭಾರೆ ಮಾಡಬಾರದೆಂದು ೧೯೭೮ರಲ್ಲಿ ಆ ಕಾಯಿದೆಗೆ ತಿದ್ದುಪಡಿ ತರಬೇಕಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರಕಾರವು ಕೊಟ್ಟ ಭೂಮಿಯನ್ನು ರಕ್ಷಿಸುವ ದೊಡ್ಡ ಕಾಯಿದೆಯೂ ಅದೇ ೧೯೭೮ನೆಯ ಇಸವಿಯದು. ಆದರೆ ವಂಶಪಾರಂಪರ್ಯ ಹುದ್ದೆಗಳ ರದ್ದತಿಯಿಂದ ಬಂದ ಭೂಮಿಯು ಅದರ ವ್ಯಾಖ್ಯೆಯ ಹೊರಗೇ ಉಳಿಯಿತು. ತಲೆತಲಾಂತರದ ಚಾಕರಿಗೆ ಪ್ರತಿಯಾಗಿ ಬಂದ ಹೊಲಕ್ಕೆ ಹದಿನೈದು ವರ್ಷಗಳ ಬೇಲಿ. ಬೇರೆ ಹೊಲಕ್ಕೆ ಶಾಶ್ವತವಾದ ಬೇಲಿ. ಒಂದೇ ವರ್ಷದ ಎರಡು ಶಾಸನಗಳ ನಡುವೆಯೂ ಹೀಗೊಂದು ಸೀಮೆಗಲ್ಲು ನಿಂತಿತು.

ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಒಂದೇ ಜಿಲ್ಲೆಯ ತಾಲೂಕುಗಳು. ಎಲ್ಲಕ್ಕೂ ಒಂದೇ ಸಂವಿಧಾನ. ಹಳೆಯ ಸಂಸ್ಥಾನದ ಗಡಿಯು ನಕಾಶೆಯಿಂದ ಅಳಿದಿರುವುದು. ಆಜ್ಞೆಗೂ ಚಾವಡಿಗೂ ನಡುವಿನ ಗಡಿಯು ಮಾತ್ರ ಅಷ್ಟು ಸುಲಭವಾಗಿ ಅಳಿಯುವಂಥದಲ್ಲ. ಯಾವ ಸರಕಾರದ ಯಾವ ಸದುದ್ದೇಶದ ಶಾಸನವೇ ಆಗಲಿ, ಅದು ಹೊರಟ ದಿನದ ಸಮಾರಂಭಕ್ಕಿಂತ ಮೂರು ತಿಂಗಳ ಬಳಿಕ ಬರಬೇಕಾದ ತಖ್ತೆಯು ಮುಖ್ಯವೆಂಬುದನ್ನು ೧೯೦೨ರ ಆ ಆಜ್ಞೆಯು ತೋರಿಸಿಕೊಟ್ಟಿದೆ. ಆ ತಖ್ತೆಯನ್ನು ಕೇಳುವ ಅಧಿಕಾರವು ಅಂದು ದೊರೆಯೊಬ್ಬನದಾಗಿತ್ತು. ಇಂದು ಅದು ಓದು ಬಲ್ಲ ಪ್ರತಿಯೊಂದು ಮನೆತನದ್ದಾಗಿದೆ.