ಕಿವಿ ಸವರಿ ಹೋದ ಗುಂಡು

ಪುಣೆಯ ಗುಲ್ಟೇಕಡಿಯ ಸಗಟು ಮಾರುಕಟ್ಟೆಯನ್ನು ಊರವರೆಲ್ಲ ಮಾರ್ಕೆಟ್ ಯಾರ್ಡ್ ಎಂದೇ ಕರೆಯುತ್ತಾರೆ. ಅದರ ಪೂರ್ಣ ಹೆಸರಿನಲ್ಲಿ ಛತ್ರಪತಿ ಶಿವಾಜಿ ಇದ್ದಾರೆ. ಈರುಳ್ಳಿ, ಟೊಮೆಟೊ ಲಾರಿಗಳ ಆ ಗದ್ದಲದಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಪರ್ವತಿ ಬೆಟ್ಟ. ಪಾಣಿಪತದಲ್ಲಿ ಮಗ ವಿಶ್ವಾಸರಾಯನನ್ನೂ ಚಿಕ್ಕಪ್ಪನ ಮಗ ಸದಾಶಿವರಾಯ ಭಾವೂನನ್ನೂ ಕಳೆದುಕೊಂಡ ನಾನಾಸಾಹೇಬ ಪೇಶ್ವೆ 1761ರ ಜೂನ್‌ನಲ್ಲಿ ಕೊನೆಯುಸಿರೆಳೆದದ್ದು ಅಲ್ಲೇ. ಮರಾಠಿಯ ಆಡುಮಾತಿನಲ್ಲಿ 'ಪಾಣಿಪತವಾಯಿತು' ಎಂದರೆ ಇಂದಿಗೂ ಎಲ್ಲ ಮುಗಿಯಿತು ಎಂದರ್ಥ.

ಆ ಸೋಲನ್ನು ಕತೆಯಲ್ಲಿ ಗೆಲುವಾಗಿಸಿದವರು ಖಗೋಳವಿಜ್ಞಾನಿ ಜಯಂತ ವಿಷ್ಣು ನಾರಳೀಕರ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ತಮ್ಮ ಇನಿಷಿಯಲ್‌ಗಳನ್ನು ತಿರುವುಮುರುವಾಗಿಸಿ, ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ 'ಕೃಷ್ಣವಿವರ' ಕಳಿಸಿದ್ದರು. ಕೈಬರಹ ಗುರುತು ಸಿಗಬಾರದೆಂದು ಪ್ರತಿ ಮಾಡಿದ್ದು ಪತ್ನಿ ಮಂಗಲಾ. ಮೊದಲ ಬಹುಮಾನ ಬಂತು. 1988ರಲ್ಲಿ ಪುಣೆಯಲ್ಲಿ ಅಯುಕಾ ಕಟ್ಟುವ ಹೊತ್ತಿಗೆ ಅವರು ಹೆಸರಾಂತ ಕತೆಗಾರರೂ ಆಗಿದ್ದರು.

ಪಾಣಿಪತದ ಕತೆ ಅನೇಕರಿಗೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಇಂಗ್ಲಿಷ್ ಪಾಠವಾಗಿ ಗೊತ್ತು. ಇತಿಹಾಸದ ಪ್ರೊಫೆಸರ್ ಗಂಗಾಧರಪಂತ ಗಾಯತೊಂಡೆ ಲಾರಿಗೆ ಡಿಕ್ಕಿ ಹೊಡೆದು ಇನ್ನೊಂದು ಭಾರತದಲ್ಲಿ ಕಣ್ಣು ಬಿಡುತ್ತಾರೆ. ಅಲ್ಲಿ ಗುಂಡು ವಿಶ್ವಾಸರಾಯನ ಕಿವಿ ಸವರಿ ಹೋಗಿದೆ, ಅಷ್ಟೆ. ಅವನೂ ತಮ್ಮ ಮಾಧವರಾಯನೂ ರಾಜ್ಯ ಬೆಳೆಸುತ್ತಾರೆ. ಈಸ್ಟ್ ಇಂಡಿಯಾ ಕಂಪನಿ ಮೂರು ಬಂದರುಗಳ ಆಚೆ ಹಬ್ಬುವುದಿಲ್ಲ. ಮುಂಬೈಯ ಆಜಾದ್ ಮೈದಾನದಲ್ಲಿ ಅಧ್ಯಕ್ಷರ ಖಾಲಿ ಕುರ್ಚಿಯಲ್ಲಿ ಕೂತು ಭಾಷಣಕ್ಕಿಳಿದ ಪ್ರೊಫೆಸರರಿಗೆ ಸಿಕ್ಕಿದ್ದು ಟೊಮೆಟೊ, ಮೊಟ್ಟೆಗಳ ಸನ್ಮಾನ. ಮರಳಿದಾಗ ಅವರ ಬಳಿ ಉಳಿದದ್ದು ಬಖೈರಿನ ಹರಿದ ಒಂದು ಹಾಳೆ. ಭೌತಶಾಸ್ತ್ರದ ವಿವರಣೆ ಏನೇ ಇರಲಿ, ಕತೆ ಗೆಲ್ಲುವುದು ಆ ಹಾಳೆಯಿಂದ: ಇತಿಹಾಸಕಾರ ನಂಬುವುದು ಕಾಗದವನ್ನು.

ಇದೇ ಪ್ರಶ್ನೆಯನ್ನು ಕನ್ನಡ ನಾಡಿಗೆ ತಂದರೆ ಅದು ಇನ್ನಷ್ಟು ಹತ್ತಿರದ್ದಾಗುತ್ತದೆ. 1760ರ ಆಗಸ್ಟ್‌ನಲ್ಲಿ ಹೈದರಾಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಓಡಿಬಂದಿದ್ದ. ಅವನದೇ ಆಳಾಗಿದ್ದ ಖಂಡೇರಾಯ ತಿರುಗಿಬಿದ್ದಿದ್ದ. ಖಂಡೇರಾಯನ ಕರೆಗೆ ವಿಸಾಜಿ ಪಂಡಿತನ ಮರಾಠಾ ಪಡೆಯೂ ಬಂದಿತ್ತು. ಹೈದರನ ಕತೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಮರಾಠರು ಅವನೇ ಬೆರಗಾಗುವಷ್ಟು ಸುಲಭದ ಕರಾರಿಗೆ ಒಪ್ಪಿ ಹೊರಟುಬಿಟ್ಟರು. ಪಾಣಿಪತದ ಸೋಲಿನಿಂದಾಗಿ ಪುಣೆಯಿಂದ ಅವರಿಗೆ ಕರೆ ಬಂದಿತ್ತು. ಕೊಡುವೆನೆಂದ ಬಾರಾಮಹಲನ್ನು ಹೈದರ್ ಕೊಡಲೂ ಇಲ್ಲ. 1761 ಮುಗಿಯುವುದರೊಳಗೆ ಖಂಡೇರಾಯ ಸೆರೆಯಾಗಿದ್ದ, ಮೈಸೂರು ಹೈದರನ ಕೈಯಲ್ಲಿತ್ತು.

ಹಾಗಾದರೆ ಗುಂಡು ತಪ್ಪಿದ್ದರೆ ಹೈದರನೂ ಇಲ್ಲ, ಟಿಪ್ಪುವೂ ಇಲ್ಲ ಎನ್ನೋಣವೇ? ಅಷ್ಟು ಸಲೀಸಲ್ಲ. ವಿಶ್ವಾಸರಾಯ ಸತ್ತದ್ದರಿಂದಲೇ ಹದಿನಾರರ ಮಾಧವರಾಯ ಪೇಶ್ವೆಯಾದ. 1764ರಲ್ಲಿ ರಟ್ಟಿಹಳ್ಳಿಯಲ್ಲಿ ಹೈದರನನ್ನು ಸೋಲಿಸಿದವನು, 1770ರಲ್ಲಿ ನಿಜಗಲ್ಲಿನ ಕೋಟೆಗೆ ಮುತ್ತಿಗೆ ಹಾಕಿದವನು ಅದೇ ಹುಡುಗ.